ಕುದಾಪುರದಲ್ಲಿ ಕೂತು ಕಡಲು ಕಾಯುವುದು

ನಮ್ಮ ಆಫೀಸಿನಲ್ಲಿ ಒಂದು ವಾರ ಯಾವ ನಗೆಪಾಟಲೂ ಆಗದೆ ಕಳೆದರೆ, ಮಿಷನ್ನೇ ಕೆಟ್ಟಿರಬೇಕು ಅಂತ ನಾವು ಹೋಗಿ ವೈರು ಎಳೆದು ನೋಡುತ್ತೇವೆ. ಕೆಲಸವೇ ಅಂಥದ್ದು. ಕರಾವಳಿಯ ಸಮುದ್ರದ ನೀರು ಹೇಗಿದೆ, ಅದರಲ್ಲಿ ಉಪ್ಪೆಷ್ಟು, ಬಿಸಿಯೆಷ್ಟು, ಮೀನು ಉಸಿರಾಡುವುದಕ್ಕೆ ಆಮ್ಲಜನಕ ಎಷ್ಟಿದೆ ಅಂತ ಹೊತ್ತುಹೊತ್ತಿಗೆ ನೋಡುವುದು ನಮ್ಮ ಕೆಲಸ. ಕೂತಿರುವುದು ಮಾತ್ರ ಕಡಲಿಂದ ಒಂದು ಹಗಲಿನ ದಾರಿಯಷ್ಟು ದೂರ, ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹುಲ್ಲುಗಾವಲಿನ ಅಂಚಲ್ಲಿ. ಕಿಟಕಿ ತೆಗೆದರೆ ಕಾಣುವುದು ಒಣಹುಲ್ಲು, ಕುರಿ, ದೂಳು.

ಕುದಾಪುರ ಅಂದ ತಕ್ಷಣ ಅಲ್ಲಿರುವ ದೊಡ್ಡ ದೊಡ್ಡ ವಿಜ್ಞಾನದ ಕ್ಯಾಂಪಸ್ಸುಗಳು ನೆನಪಾಗುತ್ತವೆ. ನಮ್ಮದು ಅದಲ್ಲ. ಅವುಗಳ ಕಾಂಪೌಂಡು ನೋಡಿ ಆಸೆಪಟ್ಟು ಯಾರೋ ಪುಣ್ಯಾತ್ಮರು ರಸ್ತೆಯ ಈಚೆಗೆ ಕಟ್ಟಿದ ಒಂದು ಸಣ್ಣ ಖಾಸಗಿ ಶೆಡ್ಡು. ಸಮುದ್ರದಲ್ಲಿ ಹಳದಿ ಬಣ್ಣದ ದೊಡ್ಡ ಡ್ರಮ್ಮುಗಳನ್ನು ಹಗ್ಗ ಕಟ್ಟಿ ತೇಲಿಬಿಟ್ಟಿದ್ದಾರೆ. ಒಂದೊಂದು ಡ್ರಮ್ಮಿನ ಹೊಟ್ಟೆಯಲ್ಲೂ ನೀರು ಪರೀಕ್ಷೆ ಮಾಡುವ ಸಲಕರಣೆ, ತಲೆಯ ಮೇಲೆ ಸೋಲಾರ್ ತಟ್ಟೆ. ಅರ್ಧ ಗಂಟೆಗೊಮ್ಮೆ ಅವು ತಾವಾಗಿಯೇ ನಮ್ಮ ಕಂಪ್ಯೂಟರಿಗೆ ವರದಿ ಕಳಿಸುತ್ತವೆ. ಏನಾದರೂ ಹೆಚ್ಚುಕಮ್ಮಿ ಆದರೆ ಕಂಪ್ಯೂಟರ್ ತಾನಾಗಿಯೇ ಎಲ್ಲರಿಗೂ ಎಚ್ಚರಿಕೆ ಕೊಡುತ್ತದೆ. ಎಲ್ಲಾ ತಾನಾಗಿಯೇ. ಮನುಷ್ಯರ ಅಗತ್ಯವೇ ಇಲ್ಲ ಅಂತ ಗೋಡೆ ಮೇಲಿನ ಬೋರ್ಡಲ್ಲಿ ಬರೆದಿದೆ. ಆ ಬೋರ್ಡಿನ ಕೆಳಗೆ ನಾವು ನಾಲ್ಕು ಜನ ಸಂಬಳ ತಗೊಂಡು ಕೂತಿದ್ದೇವೆ.

ನಾನು ಇಲ್ಲೇ ಹತ್ತಿರದ ಕೊಂಡ್ಲಹಳ್ಳಿಯವನು, ಡಿಪ್ಲೊಮಾ ಓದಿದವನು. ನಮ್ಮ ಸಾಹೇಬ್ರು ಉಡುಪಿ ಕಡೆಯವರು. ಸಮುದ್ರ ನೋಡಿಕೊಂಡು ಬೆಳೆದವರನ್ನು ಇಲ್ಲಿಗೂ, ಸಮುದ್ರ ನೋಡೇ ಇಲ್ಲದ ನನ್ನನ್ನು ಸಮುದ್ರದ ಕೆಲಸಕ್ಕೂ ಹಾಕಿದ ಪುಣ್ಯಾತ್ಮರು ಯಾರೋ, ಅವರನ್ನು ಇಬ್ಬರೂ ದಿನಾ ನೆನೆಯುತ್ತೇವೆ.

ಸಮುದ್ರ ವಿಭಾಗ

ಕೆಲಸಕ್ಕೆ ಸೇರಿದ ಮರುವರ್ಷ ಹೆಣ್ಣು ನೋಡುವುದಕ್ಕೆ ಮೊಳಕಾಲ್ಮೂರಿಗೆ ಹೋಗಿದ್ದೆವು. ರೇಷ್ಮೆ ಸೀರೆ ನೇಯುವ ಮನೆ. ಪಡಸಾಲೆಯಲ್ಲಿ ಮಗ್ಗ, ಮಗ್ಗದ ಪಕ್ಕ ಚಾಪೆ, ಚಾಪೆಯ ಮೇಲೆ ನಾನು. ಎದುರಿಗೆ ಹುಡುಗಿಯ ದೊಡ್ಡಪ್ಪ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಮಾತಾಡುವವರು.

"ಏನ್ ಕೆಲ್ಸಪ್ಪ ನಿಂದು?"

"ಸಮುದ್ರದ ನೀರು ನೋಡ್ಕೊಳ್ಳೋದ್ರಿ."

"ಎಲ್ಲಿ?"

"ಚಳ್ಳಕೆರೆ ಹತ್ರ."

ದೊಡ್ಡಪ್ಪ ಕೈಲಿದ್ದ ಲೋಟ ಕೆಳಗಿಟ್ಟರು. "ಸಮುದ್ರಮಾ? ಚಳ್ಳಕೆರೆಲೋನಾ?" ಅಂತ ಒಳಗಿನವರಿಗೂ ಕೇಳುವ ಹಾಗೆ ಹೇಳಿದರು. ಒಳಗೆ ಯಾರೋ ಕಿಸಕ್ಕನೆ ನಕ್ಕರು. ನಾನು ಡ್ರಮ್ಮು, ಸೋಲಾರು, ಕಂಪ್ಯೂಟರು ಅಂತ ಬೆವರು ಸುರಿಸಿ ವಿವರಿಸಿದೆ. ಎಲ್ಲಾ ಕೇಳಿ ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟರು.

"ನೀರುಗಂಟಿ ಕೆಲ್ಸ ಅನ್ನಪ್ಪ. ಅದಕ್ಕ್ಯಾಕೆ ನಾಚ್ಕೆ? ನಮ್ಮೂರಾಗೂ ಒಬ್ಬವ್ನೆ. ಬೆಳಗ್ಗೆ ಎದ್ದು ವಾಲ್ ತಿರುಗಿಸ್ತಾನೆ, ನಲ್ಲಿಗೆ ನೀರು ಬಿಡ್ತಾನೆ. ಒಳ್ಳೆ ಹುಡುಗ."

ಆಮೇಲೆ ಹುಡುಗಿಯ ಜೊತೆ ಎರಡು ಮಾತಾಡಲು ಬಿಟ್ಟರು. ಆಕೆ ಮಗ್ಗದ ಪಕ್ಕ ನಿಂತು ನೇರವಾಗಿ ಕೇಳಿದಳು.

"ನಿಜವಾಗ್ಲೂ ಸಮುದ್ರದ ಕೆಲಸಾನೇ?"

"ಹೂಂ."

"ಸಮುದ್ರ ನೋಡಿದೀರಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ" ಅಂದೆ.

"ಹಂಗಾದ್ರೆ ಖಂಡಿತ ಸರ್ಕಾರದ್ದೋ ಕಂಪ್ನಿದೋ ಕೆಲ್ಸಾನೇ ಇರ್ಬೇಕು" ಅಂದಳು. ನನಗೆ ಆಗಲೇ ಗೊತ್ತಾಯಿತು, ಮದುವೆಯಾದರೆ ಇವಳನ್ನೇ ಆಗಬೇಕು ಅಂತ.

ಆಯಿತು. ಲಗ್ನಪತ್ರಿಕೆ ಅಚ್ಚು ಹಾಕಿಸುವ ಜವಾಬ್ದಾರಿ ದೊಡ್ಡಪ್ಪ ತಗೊಂಡರು. ನನ್ನ ಹೆಸರಿನ ಕೆಳಗೆ ಕೆಲಸ ಏನಂತ ಹಾಕೋದು ಅಂತ ನನ್ನನ್ನು ಕೇಳಲೂ ಇಲ್ಲ. ಕಾರ್ಡು ಕೈಗೆ ಬಂದಾಗ ಚಿನ್ನದ ಅಕ್ಷರದಲ್ಲಿ ಇತ್ತು: "ನೀರು ಸರಬರಾಜು, ಸಮುದ್ರ ವಿಭಾಗ."

ಭರತ

ಸಾಹೇಬ್ರ ಕನ್ನಡ ನಮಗೆ, ನಮ್ಮ ಕನ್ನಡ ಸಾಹೇಬ್ರಿಗೆ ಅರ್ಥವಾಗುವುದಕ್ಕೆ ಒಂದು ವರ್ಷ ಹಿಡಿಯಿತು. ನಾವು "ಐತೆ" ಅಂದರೆ ಅವರು "ಉಂಟು" ಅನ್ನುತ್ತಿದ್ದರು. ಅಷ್ಟರ ಮಟ್ಟಿಗೆ ತೊಂದರೆ ಇರಲಿಲ್ಲ.

ಒಂದು ದಿನ ಅವರು ಚಿತ್ರದುರ್ಗಕ್ಕೆ ಮೀಟಿಂಗಿಗೆ ಹೋಗಿದ್ದರು. ಮಧ್ಯಾಹ್ನ ಫೋನು ಮಾಡಿದರು.

"ಭರತ ಬಂತಾ?"

ನಾನು ಬಾಗಿಲ ಕಡೆ ನೋಡಿದೆ. "ಇನ್ನೂ ಬಂದಿಲ್ಲ ಸಾರ್."

"ಬರಬೇಕಿತ್ತಲ್ಲ ಮಾರಾಯ. ಹನ್ನೆರಡೂವರೆಗೆ ಬರಬೇಕು."

"ಬಸ್ ಲೇಟಾಗಿರ್ಬೇಕು ಸಾರ್."

"ಬಸ್ಸಾ? ಸರಿಯಾಗಿ ನೋಡು. ಭರತ ಬಂದು ಇಳಿತವೂ ಶುರುವಾಗಿರಬೇಕು ಈಗ."

"ಇಳಿದಿಲ್ಲ ಸಾರ್, ಸ್ಟಾಪಲ್ಲಿ ಯಾರೂ ಇಳಿದಿಲ್ಲ. ಬಂದ್ರೆ ಕೂರಿಸಿ ಟೀ ಕೊಡ್ಸಿರ್ತೀನಿ."

ಸಾಹೇಬ್ರು ಫೋನಿಟ್ಟರು. ಸಮುದ್ರದ ನೀರು ಉಬ್ಬಿ ಬರುವುದಕ್ಕೆ ಅವರ ಕಡೆ ಭರತ ಅಂತಾರೆ ಅಂತ ನನಗೆ ತಿಳಿದದ್ದು ಸಂಜೆ. ಅಷ್ಟರಲ್ಲಿ ನಾನು ಗೇಟಿನ ಪುಸ್ತಕದಲ್ಲಿ ಬರೆದಾಗಿತ್ತು: "ಭರತ ಎಂಬುವವರು ಬರಲಿಲ್ಲ."

ನಾಲ್ಕು ಕೊಡ

ಡ್ರಮ್ಮಿಗೆ ಹಾಕುವ ಸಲಕರಣೆಗಳು ಸರಿಯಾಗಿ ಅಳೆಯುತ್ತವೋ ಇಲ್ಲವೋ ಅಂತ ಇಲ್ಲೇ ಪರೀಕ್ಷೆ ಮಾಡಿ ಕಳಿಸಬೇಕು. ಅದಕ್ಕೆ ಅಸಲಿ ಸಮುದ್ರದ ನೀರೇ ಬೇಕು. ನೀರಿಗೆ ಉಪ್ಪು ಕದಡಿದರೆ ಸಾಕು ಅಂತ ನಾನು ಹೇಳಿ ಬೈಸಿಕೊಂಡಿದ್ದೆ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಕರಾವಳಿಯಿಂದ ಒಂದು ಟ್ಯಾಂಕರ್ ಸಮುದ್ರದ ನೀರು ತುಂಬಿಕೊಂಡು ಘಟ್ಟ ಹತ್ತಿ ನಮ್ಮಲ್ಲಿಗೆ ಬರುತ್ತದೆ.

ಆ ಸಲ ಶೇಂಗಾ ಕೀಳುವ ಕಾಲ. ಟ್ಯಾಂಕರು ನಮ್ಮಿಂದ ಸ್ವಲ್ಪ ದೂರದ ಹಳ್ಳಿಯ ಹತ್ತಿರ ಪಂಕ್ಚರ್ ಆಯಿತು. ಡ್ರೈವರ್ ಫೋನು ಮಾಡಿದ, ನಾನು ಬೈಕಲ್ಲಿ ಹೋದೆ. ಹೋಗುವಷ್ಟರಲ್ಲಿ ಟ್ಯಾಂಕರಿನ ಹಿಂದೆ ಕೊಡಗಳ ಸಾಲು ರಸ್ತೆಯ ತಿರುವಿನ ತನಕ ಬೆಳೆದಿತ್ತು. ಹೆಂಗಸರೆಲ್ಲ ಸೇರಿ ಡ್ರೈವರನನ್ನು ಸುತ್ತುಗಟ್ಟಿದ್ದರು.

"ಇದು ಕುಡಿಯೋ ನೀರಲ್ರವ್ವ, ಉಪ್ಪುನೀರು" ಅಂತ ಅವನು ಕೈಮುಗಿಯುತ್ತಿದ್ದ.

"ನಮ್ಮ ಬೋರಾಗೆ ಬರೋದು ಇನ್ನೇನು ಎಳನೀರಾ? ಬಿಡಪ್ಪ" ಅಂತ ಒಬ್ಬಾಕೆ.

"ಸಮುದ್ರದ ನೀರು ಕಣವ್ವ" ಅಂದೆ ನಾನು.

"ಸಮುದ್ರದ್ದೋ, ಸೊಸೈಟಿದೋ. ನಿಮ್ಮ ದೊಡ್ಡೋರ ಕ್ಯಾಂಪಸ್ಸಿಗೆ ಮಾತ್ರ ಟ್ಯಾಂಕರು, ನಮಗಿಲ್ಲ. ಅಲ್ವಾ?"

ಇದು ವಿಜ್ಞಾನದಿಂದ ನ್ಯಾಯಕ್ಕೆ ಹೋಗುತ್ತಿದೆ ಅಂತ ಗೊತ್ತಾಗಿ ನಾನು ನಲ್ಲಿ ಸ್ವಲ್ಪ ತಿರುಗಿಸಿದೆ. ಮುಂದೆ ನಿಂತಿದ್ದ ಒಬ್ಬ ಅಜ್ಜಿ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಿತು. ಮುಖ ಕಿವುಚಿ ಥೂ ಅಂತ ಉಗಿಯಿತು. ಇನ್ನೇನು ಎಲ್ಲರೂ ಹೋಗುತ್ತಾರೆ ಅಂತ ನಾನು ಉಸಿರು ಬಿಟ್ಟೆ. ಸಾಲು ಕರಗಿತು, ನಿಜ. ಆದರೆ ಅಜ್ಜಿ ಮಾತ್ರ ನಿಂತೇ ಇತ್ತು. ನೀರನ್ನೇ ನೋಡುತ್ತಾ ಏನೋ ಲೆಕ್ಕ ಹಾಕಿ, "ನಾಕು ಕೊಡ ಹಾಕಪ್ಪ" ಅಂದಿತು. ಯಾಕಜ್ಜಿ ಅಂದರೆ, "ನಿನಗ್ಯಾಕೆ?" ಹಾಕಿದೆ.

ಎರಡು ದಿನ ಬಿಟ್ಟು ಸಾಹೇಬ್ರು ಸಂಜೆ ಬಿಸಿಬಿಸಿ ಬೇಯಿಸಿದ ಶೇಂಗಾ ಪೊಟ್ಟಣ ಹಿಡಿದು ಬಂದರು. ಮೇಜಿನ ಮೇಲೆ ಸುರಿದು ಒಂದೊಂದೇ ಸುಲಿಯುತ್ತಾ ಕಣ್ಣು ಮುಚ್ಚಿದರು.

"ಎಂಥ ರುಚಿ ಮಾರಾಯ ಈ ನೆಲಗಡಲೆ! ರಸ್ತೆ ಬದಿಯಲ್ಲಿ ಒಬ್ಬರು ಅಜ್ಜಿ ಮಾರುತ್ತಿದ್ದರು. ತಿಂದರೆ ಮನೆಯ ನೆನಪಾಗ್ತದೆ. ನಮ್ಮ ಊರಿನ ಗಾಳಿಯೇ ಬಂದ ಹಾಗೆ ಉಂಟು. ಅವರು ಇದಕ್ಕೆ ಎಂಥ ಹಾಕ್ತಾರೆ?"

ನಾನು ಹೇಳಿದೆ. ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತೋ ಏನೋ. ಸಾಹೇಬ್ರು ಕೈಲಿದ್ದ ಕಾಯಿಯನ್ನು ಮೂಸಿ ನೋಡಿದರು. ಆಮೇಲೆ ಮತ್ತೊಂದು ಕಾಯಿ ಸುಲಿದರು. ಮುಂದಿನ ಸಲ ನೀರು ತರಿಸುವ ಅರ್ಜಿಯಲ್ಲಿ ಅವರೇ ಕೈಯಾರೆ ಒಂದು ಸಾಲು ಸೇರಿಸಿದ್ದರು: "ಹೆಚ್ಚುವರಿ ನಾಲ್ಕು ಕೊಡ. ಕಾರಣ: ಸ್ಥಳೀಯ ಪರೀಕ್ಷೆ."

ಉಸಿರು ಕಟ್ಟಿದ ಹೆಣ್ಣುಮಗಳು

ನೀರಲ್ಲಿ ಆಮ್ಲಜನಕ ಕಮ್ಮಿಯಾದರೆ ಡ್ರಮ್ಮಿನೊಳಗಿನ ಮಿಷನ್ನೇ, ಅವತ್ತು ಯಾರ ಪಾಳಿಯೋ ಅವರಿಗೆ ನೇರವಾಗಿ ಫೋನು ಮಾಡುತ್ತದೆ. ಒಬ್ಬ ಹೆಣ್ಣುಮಗಳ ದನಿಯನ್ನು ಮೊದಲೇ ರೆಕಾರ್ಡು ಮಾಡಿ ಇಟ್ಟಿದ್ದಾರೆ. ಸಣ್ಣ ದನಿ, ಸ್ವಲ್ಪ ಅಳುವಿನ ಧಾಟಿ.

ಅವತ್ತು ಪಾಳಿ ನನ್ನದು, ನಾನು ಫೋನು ಮನೆಯಲ್ಲೇ ಮರೆತು ಬಂದಿದ್ದೆ. ಹೆಂಡತಿ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ. ಒಂಬತ್ತು ಗಂಟೆಗೆ ಫೋನು ಬಂತು.

"ಎಚ್ಚರಿಕೆ. ಮೂರನೇ ಕೇಂದ್ರದಲ್ಲಿ ಆಮ್ಲಜನಕ ಕುಸಿಯುತ್ತಿದೆ. ದಯವಿಟ್ಟು ಕೂಡಲೇ ಗಮನಿಸಿ."

ಕೊರೊನಾ ಕಾಲದಲ್ಲಿ ಟೀವಿಯಲ್ಲಿ ಕೇಳಿ ಕೇಳಿ ಆಮ್ಲಜನಕ ಅಂದರೆ ಉಸಿರು ಅಂತ ಅವ್ವಗೆ ಗೊತ್ತು. "ಯಾರವ್ವ ನೀನು? ಯಾವ ಆಸ್ಪತ್ರೆ?" ಅಂದಿದ್ದಾಳೆ. ಅತ್ತ ಫೋನು ಕಟ್ಟಾಗಿದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು. ಅದೇ ದನಿ, ಅದೇ ಮಾತು. "ಅಲ್ಲೇ ಯಾರೂ ಇಲ್ವಾ ಮಗಳೇ? ಗಂಡ ಎಲ್ಲಿ ಹೋದ?" ಅಂತ ಅವ್ವ. ಮೂರನೇ ಸಲಕ್ಕೆ ಅವ್ವ ಬಾಗಿಲಿಗೆ ಬೀಗ ಹಾಕಿದಳು. ಬಸ್ಸು ಹತ್ತಿ, ಕ್ರಾಸಲ್ಲಿ ಇಳಿದು, ಬಿಸಿಲಲ್ಲಿ ನಡೆದು ನಮ್ಮ ಆಫೀಸಿಗೆ ಬಂದಳು. ಕೈಲಿ ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು.

"ಲೇ, ಯಾವಳೋ ಪಾಪದ ಹೆಣ್ಣುಮಗಳು ಉಸಿರು ಕಟ್ಟಿ ಒದ್ದಾಡ್ತಾಳೆ, ನಿಂಗೆ ಫೋನ್ ಮಾಡ್ತಾಳೆ. ನೀನಿಲ್ಲಿ ಏನ್ ನೋಡ್ಕಂಡು ಕೂತಿದೀಯಾ?"

ನಾವು ನಾಲ್ಕು ಜನ ದೊಡ್ಡ ಪರದೆ ನೋಡಿಕೊಂಡು ಕೂತಿದ್ದೆವು. ಅದರಲ್ಲಿ ಎಲ್ಲಾ ಹಸಿರು. ಮೂರನೇ ಕೇಂದ್ರ, ಅಂದರೆ ಮೂರನೇ ಡ್ರಮ್ಮು, ಅದೂ ಹಸಿರು. ಸಾಹೇಬ್ರು ಎದ್ದು ನಿಂತು ನಯವಾಗಿ ಹೇಳಿದರು, "ಅಮ್ಮ, ಅದು ಮಿಷನ್ನಿನ ದನಿ. ಏನೂ ಆಗಲಿಲ್ಲ. ನೋಡಿ, ಎಲ್ಲಾ ಸರಿ ಉಂಟು."

ಅವ್ವ ಪರದೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಓದು ಬರಹ ಕಮ್ಮಿ. ಗಡಿಯಾರ ನೋಡುವುದು ಬರುತ್ತದೆ.

"ಈಗ ಹನ್ನೊಂದು ಗಂಟೆ. ಇದ್ಯಾಕೆ ಆರು ಅಂತ ತೋರಿಸ್ತೈತೆ?"

ಪರದೆ ಹಿಂದಿನ ಸಂಜೆ ಆರಕ್ಕೇ ನಿಂತುಬಿಟ್ಟಿತ್ತು. ಬೆಳಗ್ಗೆಯಿಂದ ನಾವು ನಿನ್ನೆಯ ಸಮುದ್ರ ನೋಡಿ ತಲೆಯಾಡಿಸುತ್ತಿದ್ದೆವು. ಸಾಹೇಬ್ರು ಓಡಿಹೋಗಿ ಕಂಪ್ಯೂಟರ್ ಆರಿಸಿ ಹೊತ್ತಿಸಿದರು. ಮೂರನೇ ಕೇಂದ್ರ ಕೆಂಪಗೆ ಉರಿಯುತ್ತಿತ್ತು. ಅಲ್ಲಿ ನದಿ ಸೇರುವ ಜಾಗದಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕುವವರು ಇದ್ದರು. ಎಷ್ಟೋ ಮನೆಯವರ ವರ್ಷದ ದುಡಿಮೆ ಆ ನೀರಲ್ಲಿತ್ತು. ಸಾಹೇಬ್ರು ಅವರಿಗೆ ಫೋನು ಹಚ್ಚಿದರು, ಅವಸರಕ್ಕೆ ನಂಬರು ಎರಡು ಸಲ ತಪ್ಪಿತು. ಕೊನೆಗೆ ಸಿಕ್ಕಿದರು. ಅವರು ದೋಣಿ ತಗೊಂಡು ಹೋಗಿ, ಗಾಳಿ ಪಂಪು ಹಾಕಿ, ಪಂಜರಗಳನ್ನು ಆಳದ ನೀರಿಗೆ ಎಳೆದರು. ನಾವು ಊಟ ಮಾಡದೆ ಕೂತಿದ್ದೆವು. ಮೂರು ಗಂಟೆಗೆ ಫೋನು ಬಂತು: ಸ್ವಲ್ಪ ಸತ್ತಿವೆ, ಮುಕ್ಕಾಲು ಉಳಿದಿವೆ.

ಸಾಹೇಬ್ರು ವರದಿ ಬರೆದರು: "ಸ್ವಯಂಚಾಲಿತ ಎಚ್ಚರಿಕೆ ವ್ಯವಸ್ಥೆ ಯಶಸ್ವಿಯಾಗಿ ಕೆಲಸ ಮಾಡಿದೆ."

"ಸಾರ್, ಬಸ್ಸಲ್ಲಿ ಬಂದಿದ್ದು ನಮ್ಮವ್ವ" ಅಂದೆ.

"ಅದನ್ನು ಎಂಥ ಅಂತ ಬರೆಯುವುದು ಮಾರಾಯ?" ಅಂದರು. ಆದರೆ ಮುಂದಿನ ಭಾನುವಾರ ಹಣ್ಣು ತಗೊಂಡು ನಮ್ಮ ಮನೆಗೆ ಬಂದು ಅವ್ವನ ಕಾಲು ಮುಟ್ಟಿ ಹೋದರು.

ಆ ದನಿ ಮಿಷನ್ನಿನದು ಅಂತ ಅವ್ವಗೆ ಹತ್ತು ಸಲ ಹೇಳಿದ್ದೇನೆ. ತಲೆಯಾಡಿಸುತ್ತಾಳೆ. ಈಗಲೂ ಫೋನು ಬಂದರೆ ನನಗೆ ಕೊಡುವ ಮೊದಲು ಅದರ ಹತ್ತಿರ ಕೇಳುತ್ತಾಳೆ, "ಈಗ ಹೆಂಗೈದೀಯವ್ವ? ಉಂಡೇನು?"

ಡಾಲ್ಫಿನ್ ಮಂದೆ

ಶೆಡ್ಡಿನ ಹಿಂದೆ ಒಂದು ಸಿಮೆಂಟಿನ ತೊಟ್ಟಿ ಇದೆ. ಪರೀಕ್ಷೆಗೆ ಅದರಲ್ಲಿ ಸಮುದ್ರದ ನೀರು ತುಂಬಿ ಒಂದು ಡ್ರಮ್ಮು ತೇಲಿಬಿಟ್ಟಿರುತ್ತೇವೆ. ಹೊಸ ಮಾದರಿಯದು, ಅದಕ್ಕೆ ಕ್ಯಾಮೆರಾ ಬೇರೆ. ಎದುರಿಗೆ ಬಂದ ಪ್ರಾಣಿ ಯಾವುದು ಅಂತ ಅದೇ ಗುರುತು ಹಿಡಿದು ಹೆಸರು ಹೇಳುತ್ತದೆ. ಅದಕ್ಕೆ ಕಲಿಸಿರುವುದು ಸಮುದ್ರದ ಪ್ರಾಣಿಗಳ ಹೆಸರು ಮಾತ್ರ. ಜಗತ್ತಿನಲ್ಲಿ ಬೇರೆ ಪ್ರಾಣಿಗಳೂ ಇವೆ ಅಂತ ಅದಕ್ಕೆ ಯಾರೂ ಹೇಳಿಲ್ಲ.

ಬೆಂಗಳೂರಿನ ಒಬ್ಬ ಹಿರಿಯ ಅಧಿಕಾರಿ ಆನ್‌ಲೈನಲ್ಲಿ ನಮ್ಮ ಕೆಲಸ ಪರಿಶೀಲಿಸುವ ದಿನ. ಮೀಟಿಂಗು ಚೆನ್ನಾಗಿಯೇ ನಡೆಯುತ್ತಿತ್ತು. ನಾನು ಹಿಂದಿನ ದಿನ ತೊಟ್ಟಿಯ ಡ್ರಮ್ಮನ್ನು ಸಮುದ್ರದ ಪಟ್ಟಿಯಿಂದ ತೆಗೆಯುವುದು ಮರೆತಿದ್ದೆ. ಪರದೆಯ ಮೂಲೆಯಲ್ಲಿ ತಟ್ಟನೆ ಒಂದು ಸಾಲು ಮೂಡಿತು: "ಡಾಲ್ಫಿನ್: ಒಂದು."

ಅಧಿಕಾರಿ ಕುರ್ಚಿಯಲ್ಲಿ ಮುಂದೆ ಬಾಗಿದರು. "ಡಾಲ್ಫಿನ್ನಾ? ದಡಕ್ಕೆ ಇಷ್ಟು ಹತ್ತಿರ?"

"ಡಾಲ್ಫಿನ್: ನಾಲ್ಕು" ಅಂತು ಪರದೆ.

ನಾನು ಹಿಂದಿನ ಕಿಟಕಿಯಿಂದ ಇಣುಕಿದೆ. ಗೇಟು ತೆರೆದಿತ್ತು. ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಕುರಿ ಮಂದೆ ಒಳಗೆ ಬಂದಿತ್ತು. ತೊಟ್ಟಿಯ ಅಂಚಿಗೆ ನೀರು ಒಣಗಿ ಉಪ್ಪು ಕಟ್ಟಿರುತ್ತದಲ್ಲ, ಅದನ್ನು ನೆಕ್ಕುವುದಕ್ಕೆ ಒಂದರ ಮೇಲೊಂದು ಮುಗಿಬಿದ್ದಿದ್ದವು.

"ಡಾಲ್ಫಿನ್: ಹತ್ತೊಂಬತ್ತು."

"ಅದ್ಭುತ!" ಅಂದರು ಅಧಿಕಾರಿ. "ನೀರು ಶುದ್ಧವಾಗಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇನ್ರಿ? ಎಲ್ಲರೂ ಚಪ್ಪಾಳೆ ಹೊಡೀರಿ." ಸಾಹೇಬ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಚಪ್ಪಾಳೆ ಹೊಡೆದೆವು.

ಅಷ್ಟರಲ್ಲಿ ಕುರಿ ಓಡಿಸಲು ಕುರಿ ಕಾಯುವ ಅಜ್ಜ ಬಂದರು. ತಲೆಯಿಂದ ಮೊಣಕಾಲಿನ ತನಕ ಕರಿ ಕಂಬಳಿ ಹೊದ್ದಿದ್ದರು. ತೊಟ್ಟಿಯ ಮೇಲೆ ಬಾಗಿ ಡ್ರಮ್ಮಿನ ಕ್ಯಾಮೆರಾವನ್ನು ಹತ್ತಿರದಿಂದ ನೋಡಿದರು. ಮಿಷನ್ನು ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ದೊಡ್ಡ ಅಕ್ಷರದಲ್ಲಿ ಬಂತು: "ತಿಮಿಂಗಿಲ."

ಸಾಹೇಬ್ರು ನೆಟ್‌ವರ್ಕ್ ಹೋಯಿತು ಅಂತ ಹೇಳಿ ವೈರು ಕಿತ್ತರು. ಸಂಜೆ ತಪ್ಪೊಪ್ಪಿಕೊಂಡು ಕಾಗದ ಬರೆದರು, ಬೈಸಿಕೊಂಡರು, ಅದು ಬೇರೆ ಮಾತು. ನಾನು ಹೊರಗೆ ಹೋಗಿ ಅಜ್ಜನಿಗೆ ವಿಷಯ ಹೇಳಿದೆ.

"ನನ್ನನ್ನ ಏನಂತು ಅದು?"

"ತಿಮಿಂಗಿಲ ಅಂತು ಅಜ್ಜ. ಸಮುದ್ರದಾಗೆ ಇರ್ತೈತೆ, ಒಂದು ಮನೆಯಷ್ಟು ದೊಡ್ಡದು."

ಅಜ್ಜ ಯೋಚನೆ ಮಾಡಿದರು. "ಉಣ್ಣೆ ಐತಾ ಅದಕ್ಕೆ?"

"ಇಲ್ಲ."

"ಹಾಲು ಕರೀತಾರಾ?"

"ಇಲ್ಲಜ್ಜ."

"ಮತ್ತೆ ಅಷ್ಟು ದೊಡ್ಡದನ್ನ ಯಾವನು ಮೇಯಿಸ್ತಾನೋ ಪಾಪ!" ಅಂತ ಕುರಿ ಹೊಡಕೊಂಡು ಹೋದರು.

ಲಾರಿ ಹತ್ತಿದ ಸಮುದ್ರ

ಇದು ಹೋದ ಬೇಸಿಗೆಯ ಕೊನೆಯಲ್ಲಿ ಆದದ್ದು. ಬೆಳಗ್ಗೆ ಕಂಪ್ಯೂಟರ್ ತೆಗೆದರೆ ಏಳನೇ ಡ್ರಮ್ಮಿನ ಉಪ್ಪು ಸೊನ್ನೆ. ಸಾಹೇಬ್ರಿಗೆ ಹೇಳಿದೆ.

"ಉಪ್ಪು ಸೊನ್ನೆ ಆಗುವುದು ಹೇಗೆ? ಸಮುದ್ರ ಅಲ್ಲವಾ ಅದು?"

"ಸಾರ್, ಅದು ನಡೀತಾನೂ ಐತೆ."

ಹಗ್ಗ ಕಿತ್ತುಕೊಂಡು ತೇಲಿ ಹೋಗುತ್ತಿರಬೇಕು, ನೀರಿನ ಸೆಳೆತ ಜೋರಿರಬೇಕು ಅಂತ ಸಾಹೇಬ್ರು ನಕ್ಷೆ ತೆಗೆದರು. ಚುಕ್ಕೆ ನೀಲಿ ಬಣ್ಣದ ಮೇಲೆ ಇರಲಿಲ್ಲ. ಹೈವೇ ಮೇಲಿತ್ತು. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿತ್ತು. ಒಂದು ಕಡೆ ಅರ್ಧ ಗಂಟೆ ನಿಂತಿತು.

"ಯಾಕೆ ನಿಂತಿತು?"

"ಅಲ್ಲೊಂದು ಹೋಟ್ಲು ಐತೆ ಸಾರ್. ತಿಂಡಿಗೆ ಇರ್ಬೇಕು."

ಯಾರೋ ಕದ್ದಿದ್ದಾರೆ ಅಂತ ಸಾಹೇಬ್ರು ತಲೆಮೇಲೆ ಕೈಹೊತ್ತು ಕೂತರು. ಡ್ರಮ್ಮು ಹೋದರೆ ಅವರ ಕೆಲಸವೂ ಹೋದ ಹಾಗೆ. ಅಷ್ಟರಲ್ಲಿ ಚುಕ್ಕೆ ಘಟ್ಟ ಹತ್ತತೊಡಗಿತು. ಆಗ ಶುರುವಾಯಿತು ನಿಜವಾದ ಗ್ರಹಚಾರ. ಡ್ರಮ್ಮು ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಸಮುದ್ರದ ಮಟ್ಟ ಎಷ್ಟು ಏರಿದೆ ಅಂತ ನಮ್ಮ ಮಿಷನ್ನು ತೀರ್ಮಾನ ಮಾಡುತ್ತದೆ. ಡ್ರಮ್ಮು ಸಮುದ್ರ ಬಿಟ್ಟು ಬೇರೆಲ್ಲಾದರೂ ಇರಬಹುದು ಅನ್ನುವ ಅನುಮಾನ ಅದಕ್ಕಿಲ್ಲ. "ಎಚ್ಚರಿಕೆ. ಸಮುದ್ರ ಮಟ್ಟ ಮುನ್ನೂರು ಮೀಟರ್ ಏರಿದೆ" ಅಂತ ಮೊದಲ ಸಂದೇಶ ಹೋಯಿತು. ಆಮೇಲೆ ಐನೂರು. ಆಮೇಲೆ ಎಂಟುನೂರು. ಡ್ರಮ್ಮು ಯಾವ ತಾಲ್ಲೂಕಿನಲ್ಲಿದೆಯೋ ಅಲ್ಲಿನ ಸಂಬಂಧಪಟ್ಟ ಕಚೇರಿಗೆ ಸಂದೇಶ ತಾನಾಗಿಯೇ ಹೋಗುವ ಏರ್ಪಾಡು. ನಿಲ್ಲಿಸೋಣ ಅಂದರೆ ಅದರ ಪಾಸ್‌ವರ್ಡು ಬೆಂಗಳೂರಲ್ಲಿ, ಪಾಸ್‌ವರ್ಡು ಗೊತ್ತಿದ್ದವರು ರಜೆಯಲ್ಲಿ.

"ಹೆದರಬೇಡ" ಅಂದರು ಸಾಹೇಬ್ರು, ತಮಗೇ ಹೇಳಿಕೊಳ್ಳುವ ಹಾಗೆ. "ಇಂಥ ಸಂದೇಶ ಯಾರೂ ಓದುವುದಿಲ್ಲ."

ನಿಜ. ಚುಕ್ಕೆ ಏಳೆಂಟು ತಾಲ್ಲೂಕು ದಾಟಿತು, ಯಾರೂ ಓದಲಿಲ್ಲ. ಮಧ್ಯಾಹ್ನ ಚುಕ್ಕೆ ಚಿತ್ರದುರ್ಗ ದಾಟಿದಾಗ ಸಾಹೇಬ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ನಮ್ಮ ಕಡೆಗೇ ಬರ್ತಾ ಉಂಟಲ್ಲ ಮಾರಾಯ?" ಎರಡು ಗಂಟೆಗೆ ಅದು ಚಳ್ಳಕೆರೆಯ ಆಚೆ ಒಂದು ಹಳ್ಳಿಯಲ್ಲಿ ಹೋಗಿ ನಿಂತಿತು. ನಾವು ಜೀಪು ಹತ್ತಿದೆವು.

ಹಳ್ಳಿಯ ಮೊದಲ ಬೀದಿಯಲ್ಲೇ ಲಾರಿ. ಲಾರಿಯ ಪಕ್ಕ, ಬೇವಿನ ಮರದ ನೆರಳಲ್ಲಿ, ನಮ್ಮ ಹಳದಿ ಡ್ರಮ್ಮು. ಯಾರೋ ಚೆನ್ನಾಗಿ ತೊಳೆದು ಒರೆಸಿ ಇಟ್ಟಿದ್ದರು. ಸಾಹೇಬ್ರು ಹೋಗಿ ಅದನ್ನು ತಬ್ಬಿಕೊಂಡೇಬಿಟ್ಟರು. ಮನೆಯಿಂದ ಲಾರಿ ಡ್ರೈವರ್ ಹೊರಗೆ ಬಂದ. ಐವತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೆ ಟವೆಲ್ಲು.

"ನಿಮ್ದಾ ಸಾರ್? ಸಿಕ್ಕಿದ್ರಲ್ಲ, ಒಳ್ಳೇದಾತು. ಸಂಜೆ ನಾನೇ ತಂದುಕೊಡೋನಿದ್ದೆ."

"ಕದ್ದದ್ದು ಯಾಕೆ?" ಅಂದರು ಸಾಹೇಬ್ರು.

"ಕದಿಯೋದಾ?" ಅವನ ಮುಖ ಸಣ್ಣದಾಯಿತು. "ಎಣ್ಣೆ ಲೋಡು ಇಳಿಸಿ ಹಂಗೇ ಸಮುದ್ರ ನೋಡಾನ ಅಂತ ದಂಡೆಗೆ ಹೋದೆ ಸಾರ್. ಅಲ್ಲಿ ಇದು ಮರಳಾಗೆ ಬಿದ್ದಿತ್ತು. ತಿರುಗಿಸಿ ನೋಡಿದ್ರೆ ಬರೆದೈತೆ, ಕುದಾಪುರ, ಚಳ್ಳಕೆರೆ ತಾಲ್ಲೂಕು ಅಂತ. ಅಷ್ಟು ದೂರ ನಮ್ಮೂರಿನ ಸಾಮಾನು ಹಂಗೆ ಅನಾಥವಾಗಿ ಬಿದ್ದಿರೋದು ನೋಡಿ ಬಿಟ್ಟು ಬರಾಕೆ ಮನಸ್ಸಾಗಲಿಲ್ಲ. ಯಾರೋ ನಮ್ಮೋರು ಟೂರಿಗೆ ಬಂದು ಬಿಟ್ಟು ಹೋಗವ್ರೆ ಅಂತ ಲಾರಿಗೆ ಹಾಕ್ಕಂಡು ಬಂದೆ."

ಸಾಹೇಬ್ರು ಡ್ರಮ್ಮು ಬಿಟ್ಟು ಹತ್ತಿರ ಬಂದರು. ಅವನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಬೀದಿಯ ತುದಿಯಿಂದ ಮೈಕ್ ಕಟ್ಟಿದ ಆಟೋ ಬಂತು, ಅದು ಊರು ಸುತ್ತುತ್ತಿರುವುದು ಮೂರನೇ ಸಲವಂತೆ.

"ಸಾರ್ವಜನಿಕರ ಗಮನಕ್ಕೆ! ಸಮುದ್ರದ ನೀರು ನಮ್ಮ ಊರಿನ ಕಡೆ ಬರ್ತಾ ಐತೆ. ಎಲ್ಲರೂ ಕೂಡಲೇ ಎತ್ತರದ ಜಾಗಕ್ಕೆ ಹೋಗಬೇಕು!"

ಇಡೀ ದಾರಿಯಲ್ಲಿ ನಮ್ಮ ಸಂದೇಶವನ್ನು ಓದಿದವರು ಒಬ್ಬರೇ ಒಬ್ಬರು, ಈ ತಾಲ್ಲೂಕಿನ ಕಚೇರಿಯ ಅಧಿಕಾರಿ. ಹೊಸಬರು, ತುಂಬಾ ನಿಷ್ಠೆಯವರು. ಓದಿದ್ದಲ್ಲದೆ ಕ್ರಮವನ್ನೂ ಕೈಗೊಂಡಿದ್ದರು.

ಸಾಹೇಬ್ರು ಜೀಪಿನ ಕಡೆ ಓಡಿದರು. "ಜನ ಗಾಬರಿಯಲ್ಲಿ ಓಡಿ ಬಿದ್ದು ಏನಾದರೂ ಆದರೆ?" ಊರ ಹಿಂದೆ ಕಲ್ಲುಗುಡ್ಡ ಇತ್ತು. ಅಲ್ಲಿಗೆ ಜೀಪು ಓಡಿಸಿದೆವು. ಗುಡ್ಡದ ಮೇಲೆ ಒಂದು ನರಪಿಳ್ಳೆ ಇಲ್ಲ. ಎರಡು ಮೇಕೆ ನಮ್ಮನ್ನೇ ನೋಡುತ್ತಿದ್ದವು. ಬೀದಿಗಳೂ ಖಾಲಿ. ಇಡೀ ಊರು ಎಲ್ಲಿ ಹೋಯಿತು ಅಂತ ಹುಡುಕುತ್ತಾ ಊರ ಮುಂದಿನ ಕೆರೆಯ ಹತ್ತಿರ ಬಂದರೆ, ಅಲ್ಲಿದ್ದರು. ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಅದರ ಒಳಗೆ ಗಂಡಸರು, ಹೆಂಗಸರು ಎಲ್ಲರೂ ಗುದ್ದಲಿ, ಸಲಿಕೆ, ಪುಟ್ಟಿ ಹಿಡಿದು ಕೆರೆಗೆ ನೀರು ಬರುವ ಕಾಲುವೆಯ ಹೂಳು ಎತ್ತುತ್ತಿದ್ದರು. ಯಾರೋ ಟ್ರ್ಯಾಕ್ಟರೂ ತಂದಿದ್ದರು. ವರ್ಷಗಳಿಂದ ಯಾರೂ ಮುಟ್ಟದ ಕಾಲುವೆ ಆಗಲೇ ಒಂದಷ್ಟು ದೂರ ಸ್ವಚ್ಛವಾಗಿತ್ತು.

ಅಷ್ಟರಲ್ಲಿ, ಸಂದೇಶದ ಕೆಳಗಿದ್ದ ನಂಬರು ನೋಡಿ, ಆ ಅಧಿಕಾರಿ ನನಗೆ ಫೋನು ಮಾಡಿದರು. "ಎಚ್ಚರಿಕೆ ಕೊಟ್ಟಿದ್ದು ನೀವೇನ್ರಿ? ಜನ ಎತ್ತರದ ಜಾಗಕ್ಕೆ ಹೋದ್ರಾ?"

"ಸಾರ್, ಮೊದ್ಲು ಹೇಳ್ಬೇಕಾದ್ದು, ಸಮುದ್ರ ಬರ್ತಿಲ್ಲ. ತಪ್ಪು ನಮ್ದು. ಎರಡನೇದು, ಯಾರೂ ಎತ್ತರಕ್ಕೆ ಹೋಗಿಲ್ಲ. ಎಲ್ಲಾ ಕೆರೆ ಒಳಗವ್ರೆ."

"ಕೆರೆ ಒಳಗಾ! ಬುದ್ಧಿ ಐತೇನ್ರಿ ಅವ್ರಿಗೆ? ಅಲ್ಲಿ ಯಾರಾದ್ರೂ ಹಿರಿಯರಿಗೆ ಕೊಡ್ರಿ ಫೋನು."

ಹತ್ತಿರದಲ್ಲೇ ಸಲಿಕೆ ಹಿಡಿದು ನಿಂತಿದ್ದ ಒಬ್ಬ ಯಜಮಾನರಿಗೆ ಫೋನು ಕೊಟ್ಟೆ. ಅವರು ಬೆವರು ಒರೆಸಿಕೊಂಡು, ಅಧಿಕಾರಿಯ ಬೈಗುಳವನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ ಚಿಕ್ಕ ಹುಡುಗನಿಗೆ ಬುದ್ಧಿ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

"ಅಲ್ಲ ಸ್ವಾಮಿ, ಅಷ್ಟು ದೂರದಿಂದ ನೀರು ತಾನಾಗೇ ನಮ್ಮೂರು ಹುಡುಕ್ಕಂಡು ಬರೋವಾಗ, ನಾವು ಗುಡ್ಡ ಹತ್ತಿ ಕೂತ್ರೆ ಕೆರೆಗೆ ತಿರುಗಿಸೋರು ಯಾರು?"